ದಾರಿ ಬದಲಿಸಿದ್ದು ಏಕೆ? ಉತ್ತರಕ್ಕೆ ಒಂದೇ ಪುಟ

(ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಿ.ಡಿ.ಎಸ್. ಸೀಟು ಬೇಕಾದರೆ ನೀಟ್ ಬರೆಯಬೇಕು. ಅಂಕ, ರ‍್ಯಾಂಕ್, ಕೌನ್ಸೆಲಿಂಗ್, ಇಷ್ಟರಲ್ಲೇ ಎಲ್ಲವೂ ತೀರ್ಮಾನವಾಗುತ್ತದೆ. "ನೀನು ದಂತವೈದ್ಯನಾಗುವುದು ಏಕೆ?" ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮೊದಲು ಕಾಲೇಜು ವ್ಯಾಸಂಗ, ಅನಂತರ ಸಾಮಾನ್ಯವಾಗಿ ನಾಲ್ಕು ವರ್ಷಗಳ ದಂತವೈದ್ಯ ಶಿಕ್ಷಣ. ಅದರ ಪ್ರವೇಶಕ್ಕೆ ಅಂಕಗಳ ಜೊತೆಗೆ ಒಂದು ಪ್ರಬಂಧವನ್ನೂ ಬರೆಯಬೇಕು. ನಮ್ಮ ಊರುಗಳಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ಈ ಪ್ರಬಂಧದ ಮುಂದೆ ತಡವರಿಸುತ್ತಾರೆ. ಕೆಲವು ವರ್ಷ ಬೇರೆ ಉದ್ಯೋಗ ಮಾಡಿ ದಂತವೈದ್ಯಕೀಯಕ್ಕೆ ತಿರುಗುವವರಿಗಂತೂ ಇದು ದೊಡ್ಡ ಪರೀಕ್ಷೆ.

ಅಲ್ಲಿನ ಬಹುತೇಕ ದಂತವೈದ್ಯ ಶಾಲೆಗಳಿಗೆ ಎ.ಎ.ಡಿ.ಎಸ್.ಎ.ಎಸ್. ಎಂಬ ಕೇಂದ್ರ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬೇಕು. ಪ್ರಬಂಧಕ್ಕೆ 4,500 ಅಕ್ಷರಗಳ ಮಿತಿ. ಪದಗಳ ನಡುವಿನ ಖಾಲಿ ಜಾಗವೂ ಅದರಲ್ಲಿ ಸೇರುತ್ತದೆ. ಅಂದರೆ ಸುಮಾರು ಒಂದು ಪುಟ. ಅದೇ ಪುಟ ನೀವು ಆರಿಸಿದ ಎಲ್ಲ ಶಾಲೆಗಳಿಗೂ ಹೋಗುತ್ತದೆ. ಸಲ್ಲಿಸಿದ ಮೇಲೆ ತಿದ್ದುವಂತಿಲ್ಲ. ಅದು ಸರಿಯಾಗದಿದ್ದರೆ ಇಡೀ ಒಂದು ವರ್ಷ ಕೈತಪ್ಪಬಹುದು. ಮನೆಗೆ ಸಂಬಳ ತರುತ್ತಿರುವವರಿಗೆ ಒಂದು ವರ್ಷದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ.

ದಾರಿ ಬದಲಿಸಿದವರ ಅರ್ಜಿ ಓದುವವರ ಮನಸ್ಸಿನಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಹಳೆಯ ಕೆಲಸ ಬಿಟ್ಟದ್ದು ಏಕೆ? ಇಷ್ಟೊಂದು ವೃತ್ತಿಗಳಿರುವಾಗ ದಂತವೈದ್ಯಕೀಯವೇ ಏಕೆ? ಇದನ್ನೂ ನಾಳೆ ಬಿಟ್ಟು ಹೋಗುವುದಿಲ್ಲ ಎಂಬುದಕ್ಕೆ ಏನು ಖಾತರಿ? ಈ ಮೂರಕ್ಕೂ ಉತ್ತರವಿಲ್ಲದ ಪ್ರಬಂಧ ಎಷ್ಟೇ ಚೆಂದದ ಇಂಗ್ಲಿಷಿನಲ್ಲಿದ್ದರೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಲೆಕ್ಕಪತ್ರ ಕಚೇರಿಯಲ್ಲಿ ಎಂಟು ವರ್ಷ ದುಡಿದ ಹೆಣ್ಣುಮಗಳೊಬ್ಬಳು ಅರ್ಜಿ ಹಾಕುತ್ತಿದ್ದಾಳೆ. "ಬಾಲ್ಯದಿಂದಲೂ ದಂತವೈದ್ಯೆಯಾಗುವುದೇ ನನ್ನ ಕನಸು" ಎಂದು ಆರಂಭಿಸುತ್ತಾಳೆ. ಹಾಗಿದ್ದರೆ ಎಂಟು ವರ್ಷ ಲೆಕ್ಕ ಬರೆದದ್ದು ಏಕೆ ಎಂದು ಓದುವವರು ಕೇಳದೆ ಬಿಡುತ್ತಾರೆಯೇ? "ಕಚೇರಿ ಕೆಲಸ ಬೇಸರವಾಯಿತು" ಎಂದು ಬರೆದರೂ ಕೆಲಸವಾಗದು. ಬೇಸರ ದಂತ ಚಿಕಿತ್ಸಾಲಯದಲ್ಲೂ ಬರುತ್ತದೆ.

ನಡೆದದ್ದನ್ನು ನಡೆದಂತೆಯೇ ಬರೆಯಲಿ. ಉಚಿತ ದಂತ ಶಿಬಿರವೊಂದರಲ್ಲಿ ಅವಳು ಹೆಸರು ನೋಂದಾಯಿಸುವ ಕೆಲಸಕ್ಕೆ ಹೋಗಿದ್ದಳು. ಕೆನ್ನೆ ಊದಿಸಿಕೊಂಡು ಬಂದ ವೃದ್ಧರೊಬ್ಬರು ಹಣವಿಲ್ಲದೆ ವಾರಗಟ್ಟಲೆ ನೋವು ತಿಂದಿದ್ದರು. ಅಮೆರಿಕದ ವೃದ್ಧರ ಸರಕಾರಿ ವಿಮೆಯಾದ ಮೂಲ ಮೆಡಿಕೇರ್ ಸಾಮಾನ್ಯ ದಂತ ಚಿಕಿತ್ಸೆಯ ವೆಚ್ಚ ಕೊಡುವುದಿಲ್ಲ. ಖರ್ಚಿನ ಲೆಕ್ಕ ಬಲ್ಲ ಅವಳಿಗೆ ಆ ನೋವಿನ ಕಾರಣ ಥಟ್ಟನೆ ಹೊಳೆಯಿತು. ಆದರೆ ಹಲ್ಲು ನೋಡುವುದು ಅವಳಿಗೆ ತಿಳಿದಿರಲಿಲ್ಲ. ಆ ಕೊರತೆಯೇ ಅವಳನ್ನು ಈ ದಾರಿಗೆ ತಂದಿತು. ಈಗ ಹಳೆಯ ವೃತ್ತಿಯೂ ಹೊಸ ವೃತ್ತಿಯೂ ಒಂದೇ ಕಥೆಯಾದವು.

ಅಷ್ಟಕ್ಕೇ ನಿಲ್ಲಬಾರದು. ಆಸೆ ಹುಟ್ಟಿದ ಮೇಲೆ ಏನು ಮಾಡಿದಿರಿ ಎಂಬುದೇ ಮುಖ್ಯ. ದಂತವೈದ್ಯರ ಪಕ್ಕದಲ್ಲಿ ನಿಂತು ಎಷ್ಟು ಗಂಟೆ ಕೆಲಸ ನೋಡಿದಿರಿ? ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಸಂಜೆ ತರಗತಿಯಲ್ಲಿ ಮತ್ತೆ ಓದಿದಿರಾ? ಡಿ.ಎ.ಟಿ. ಪ್ರವೇಶ ಪರೀಕ್ಷೆಗೆ ಉದ್ಯೋಗದ ನಡುವೆ ಹೇಗೆ ತಯಾರಾದಿರಿ? ದಂತವೈದ್ಯರು ಪುಟ್ಟ ಕನ್ನಡಿಯಲ್ಲಿ ಪ್ರತಿಬಿಂಬ ನೋಡುತ್ತಾ ಕೈ ನಡೆಸುತ್ತಾರೆ. ಅಂಥ ಕೈಚಳಕ ನಿಮಗೆ ಹೊಲಿಗೆಯಿಂದ ಬಂದಿರಲಿ, ಗಡಿಯಾರ ರಿಪೇರಿಯಿಂದ ಬಂದಿರಲಿ, ನಾಚದೆ ಬರೆಯಿರಿ.

ಇತಿಹಾಸದಲ್ಲೂ ಇದಕ್ಕೆ ನಿದರ್ಶನವಿದೆ. ಲೂಸಿ ಹಾಬ್ಸ್ ಎಂಬ ಮಹಿಳೆ ಅಮೆರಿಕದಲ್ಲಿ ಸುಮಾರು ಹತ್ತು ವರ್ಷ ಶಾಲಾ ಶಿಕ್ಷಕಿಯಾಗಿದ್ದರು. ವೈದ್ಯೆಯಾಗಲು ಹೊರಟಾಗ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ಸಿಗಲಿಲ್ಲ. ದಂತವೈದ್ಯಕೀಯಕ್ಕೆ ತಿರುಗಿದರು. 1861ರಲ್ಲಿ ಓಹಾಯೋ ದಂತ ಶಸ್ತ್ರಚಿಕಿತ್ಸಾ ಕಾಲೇಜು ಕೂಡ ಬಾಗಿಲು ಮುಚ್ಚಿತು. ಅವರು ಸುಮ್ಮನಾಗಲಿಲ್ಲ. ಖಾಸಗಿಯಾಗಿ ಕಲಿತು ಚಿಕಿತ್ಸೆ ಆರಂಭಿಸಿದರು. 1865ರಲ್ಲಿ ಅಯೋವಾ ರಾಜ್ಯದ ದಂತವೈದ್ಯರ ಸಂಘ ಅವರನ್ನು ಸದಸ್ಯೆಯನ್ನಾಗಿ ಸ್ವೀಕರಿಸಿತು. ಕೊನೆಗೆ ಅದೇ ಕಾಲೇಜು ಸೇರಿಸಿಕೊಂಡಿತು. 1866ರಲ್ಲಿ ಅವರು ದಂತವೈದ್ಯ ಪದವಿ ಪಡೆದ ಮೊದಲ ಮಹಿಳೆಯಾದರು. ಮುಚ್ಚಿದ ಬಾಗಿಲು ತೆರೆದದ್ದು ಬರಿಯ ಆಸೆಯ ಮಾತಿನಿಂದಲ್ಲ, ಮಾಡಿ ತೋರಿಸಿದ ಕೆಲಸದಿಂದ.

ಇನ್ನು ಕೆಲವು ಎಚ್ಚರಿಕೆಗಳು. ಹಳೆಯ ವೃತ್ತಿಯನ್ನು, ಹಳೆಯ ಮಾಲೀಕರನ್ನು ಹಳಿಯಬೇಡಿ. ನಿಮಗೆ ಅನ್ನ ಕೊಟ್ಟ ಕೆಲಸವನ್ನು ದೂರುವುದು ನೋಡಿ, ನಾಳೆ ನಮ್ಮನ್ನೂ ದೂರುತ್ತೀರಿ ಎಂದು ಓದುವವರು ಭಾವಿಸುತ್ತಾರೆ. ಉದ್ಯೋಗ ಹೋಗಿದ್ದರೆ, ತಾಯಿಯ ಆರೈಕೆಗಾಗಿ ಮನೆಯಲ್ಲಿದ್ದರೆ, ಮಗುವಿಗಾಗಿ ಬಿಡುವು ಪಡೆದಿದ್ದರೆ ಎರಡು ವಾಕ್ಯದಲ್ಲಿ ನೇರವಾಗಿ ಹೇಳಿ ಮುಂದೆ ಸಾಗಿ. ಮರೆಮಾಚಿದರೆ ಸಂಶಯ, ಅಳುತ್ತಾ ಹೇಳಿದರೆ ಅನುಕಂಪ. ನಿಮಗೆ ಬೇಕಾದದ್ದು ಇವೆರಡೂ ಅಲ್ಲ, ನಂಬಿಕೆ. ಪ್ರಬಂಧವನ್ನು ಇನ್ನೊಬ್ಬರಿಂದಲೋ ಯಂತ್ರದಿಂದಲೋ ಬರೆಸಬೇಡಿ. ಸಂದರ್ಶನದಲ್ಲಿ ಅದರ ಪ್ರತಿ ಮಾತಿಗೂ ಉತ್ತರ ಕೊಡಬೇಕಾದವರು ನೀವೇ.

ಹೆತ್ತವರಲ್ಲಿ ಒಂದು ಮಾತು. ಮೂವತ್ತರ ಮಗ ಅಥವಾ ಮಗಳು ದಾರಿ ಬದಲಿಸುತ್ತೇನೆ ಎಂದಾಗ "ಜನ ಏನೆನ್ನುತ್ತಾರೆ" ಎಂದು ಕೇಳುವ ಮೊದಲು ಆ ಮೂರು ಪ್ರಶ್ನೆಗಳನ್ನು ಕೇಳಿ. ಸ್ಪಷ್ಟ ಉತ್ತರ ಬಂದರೆ ಬೆಂಬಲಿಸಿ. ಬರದಿದ್ದರೆ ಇನ್ನೂ ಯೋಚಿಸಲು ಸಮಯ ಕೊಡಿ. ನಮ್ಮ ದೇಶದಲ್ಲೂ 2022ರಲ್ಲಿ ನೀಟ್ ಪರೀಕ್ಷೆಯ ಗರಿಷ್ಠ ವಯೋಮಿತಿಯನ್ನು ತೆಗೆದುಹಾಕಲಾಗಿದೆ. ಬಾಗಿಲು ಇಲ್ಲಿಯೂ ತೆರೆದಿದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹೆಚ್ಚಿನವರು ಅಮೆರಿಕಕ್ಕೆ ಹೋಗಲಿಕ್ಕಿಲ್ಲ. ಆದರೂ ಇಂದು ಮನೆಗೆ ಹೋಗಿ ಒಂದು ಹಾಳೆ ತೆಗೆದುಕೊಳ್ಳಿ. ನೀವು ಆರಿಸಿದ ವೃತ್ತಿ ಏಕೆ, ಅದಕ್ಕಾಗಿ ಇದುವರೆಗೆ ಏನು ಮಾಡಿದ್ದೀರಿ ಎಂದು ನಿಮ್ಮದೇ ಭಾಷೆಯಲ್ಲಿ ಒಂದು ಪುಟ ಬರೆಯಿರಿ. ಎರಡನೆಯ ಪ್ರಶ್ನೆಯ ಕೆಳಗೆ ಜಾಗ ಖಾಲಿ ಉಳಿದರೆ ನಾಳೆಯಿಂದ ಮಾಡಬೇಕಾದ ಕೆಲಸ ಯಾವುದೆಂದು ನಿಮಗೇ ತಿಳಿಯುತ್ತದೆ.