ಕಚ್ಚಾ ವಹಿ ಇರಲಿ
(ಸನಮಡಿಯಲ್ಲಿ ಪಾಲಕರೆದುರು ಮಾಡಿದ ಭಾಷಣ)



ನಮ್ಮ ಸನಮಡಿಯಂಥ ಊರಿನಲ್ಲಿ ಮಗುವನ್ನು ಕನ್ನಡ ಶಾಲೆಗೆ ಹಚ್ಚಲು ಇಂದಿಗೂ ಸ್ವಲ್ಪ ಧೈರ್ಯ ಬೇಕು. ಮುಂದೆ ಕಾಲೇಜು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಆಗ ಹುಡುಗನ ಗತಿ ಏನು ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ.

ಹತ್ತನೆಯ ಇಯತ್ತೆ ಮುಗಿಸಿ ಜತ್ತ, ಸಾಂಗಲಿ, ವಿಜಯಪುರದ ಕಾಲೇಜುಗಳಿಗೆ ಹೋದ ನಮ್ಮ ಹುಡುಗರು ರಜೆಗೆ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸರ, ವಿಷಯ ಗೊತ್ತೈತ್ರಿ, ಬರಿಲಾಕ ಬರಂಗಿಲ್ರಿ." ಇದನ್ನು ಕೇಳಿದವರು ಕನ್ನಡ ಮಾಧ್ಯಮದ ಕಡೆ ಬೆರಳು ತೋರಿಸುತ್ತಾರೆ. ನಾನು ಒಪ್ಪುವುದಿಲ್ಲ. ಮರಾಠಿ ಶಾಲೆಯಿಂದ ಇಂಗ್ಲಿಷಿಗೆ ಹೋದ ಹುಡುಗನದೂ ಇದೇ ಗೋಳು. ಭಾಷೆ ಬದಲಾದದ್ದು ಅರ್ಧ ಕಾರಣ. ಉಳಿದರ್ಧವೆಂದರೆ, ಬರೆಯುವುದು ಹೇಗೆಂದು ಅವರು ಯಾವ ಭಾಷೆಯಲ್ಲೂ ಕಲಿತಿಲ್ಲ. ಅಕ್ಷರ ಬಂತು, ಶುದ್ಧಲೇಖನವಾಯಿತು, ಗೈಡಿನ ಪ್ರಬಂಧ ಬಾಯಿಪಾಠವಾಯಿತು. ಕಾಲೇಜಿನಲ್ಲಿ ಗೈಡಿನಲ್ಲಿಲ್ಲದ ಪ್ರಶ್ನೆ ಬಂದೊಡನೆ ಪೆನ್ನು ನಿಂತಿತು.

ಬರಹ ಒಂದೇ ಸಲಕ್ಕೆ ಆಗುವ ಕೆಲಸವಲ್ಲ. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕಚ್ಚಾ ಬರೆಯಬೇಕು, ಅದನ್ನು ಇನ್ನೊಬ್ಬರಿಗೆ ಓದಿ ತೋರಿಸಬೇಕು, ಅವರಿಗೆ ತಿಳಿಯದ ಕಡೆ ಹೊಡೆದುಹಾಕಿ ತಿದ್ದಬೇಕು. ಕೊನೆಗೆ ಚೊಕ್ಕ ಬರೆಯಬೇಕು. ಇದರಲ್ಲಿ ತಿದ್ದುವುದೇ ನಿಜವಾದ ಪಾಠ. ಆದರೆ ನೀವು ವಹಿ ತೆಗೆದು ನೋಡುವುದು ಏನನ್ನು? ಅಕ್ಷರ ಮುತ್ತಿನಂತಿವೆಯೋ, ಗೀಚಾಟವಿಲ್ಲವೋ ಎಂದು. ಗೀಚಿದ್ದರೆ ಬೈಗುಳ. ಹುಡುಗ ಜಾಣನಾಗುತ್ತಾನೆ, ನೋಡಿ ಬರೆಯುವುದನ್ನು ಕಲಿಯುತ್ತಾನೆ. ನೋಡಿ ಬರೆದದ್ದರಲ್ಲಿ ಕಾಟು ಎಲ್ಲಿಂದ ಬರಬೇಕು?

ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಮಗಳಿಗೆ ಜೋಳದ ರೊಟ್ಟಿ ಮಾಡುವ ರೀತಿಯನ್ನು ಬರೆಯಲು ಹೇಳಿರಿ. ದಿನಾ ಕಣ್ಣಾರೆ ಕಂಡದ್ದೇ ಅಲ್ಲವೇ? ಬರೆದದ್ದನ್ನು ಅಣ್ಣನ ಕೈಗೆ ಕೊಡಿ, ಕಾಗದದಲ್ಲಿ ಇದ್ದಷ್ಟನ್ನೇ ಮಾಡಲಿ. "ಹಿಟ್ಟು ತಗೊಂಡು ನೀರು ಹಾಕಿ ನಾದಬೇಕು" ಎಂದಿದ್ದರೆ ಅವನು ತಣ್ಣೀರೇ ಸುರಿಯುತ್ತಾನೆ, ತಟ್ಟುವಾಗ ರೊಟ್ಟಿ ಹರಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಕುದಿಯುವ ಎಸರು ಬೇಕು. ತಾಯಿಗೆ ಅದು ಎಷ್ಟು ಸಹಜವೆಂದರೆ ಹೇಳಬೇಕೆಂದೇ ಹೊಳೆಯುವುದಿಲ್ಲ. ಬರೆಯುವವರೂ ಎಡವುವುದು ಇಲ್ಲಿಯೇ, ತಮಗೆ ಗೊತ್ತಿದ್ದದ್ದು ಓದುವವರಿಗೂ ಗೊತ್ತಿದೆ ಎಂದುಕೊಂಡು. ರೊಟ್ಟಿ ಹರಿದರೆ ದನಕ್ಕಾದರೂ ಆಯಿತು. ದಾಳಿಂಬೆಗೆ ಹೊಡೆಯುವ ಔಷಧದ ಚೀಟಿಯಲ್ಲಿ "ಒಂದು ಮುಚ್ಚಳ" ಎಂದು ಬರೆದರೆ? ಯಾವ ಬಾಟಲಿಯ ಮುಚ್ಚಳ, ಎಷ್ಟು ಲೀಟರಿನ ಪಂಪಿಗೆ? ಇಂಥ ಚೀಟಿ ಸರಿಯಾಗಿ ಬರೆಯಬಲ್ಲ ಹುಡುಗ ಕಾಲೇಜಿನಲ್ಲಿ ಪ್ರಯೋಗದ ವರದಿಯನ್ನೂ ಬರೆಯುತ್ತಾನೆ.

ಸೂಚನೆ ಬರೆಯುವುದರಂತೆ ಸೂಚನೆ ಓದುವುದನ್ನೂ ಕಲಿಯಬೇಕು. ಮರಾಠಿ ಪ್ರಶ್ನೆಪತ್ರಿಕೆಯಲ್ಲಿ "ಟೀಪಾ ಲಿಹಾ" ಎಂದರೆ ನಮ್ಮ "ಟಿಪ್ಪಣಿ ಬರೆಯಿರಿ". "ಕಾರಣೆ ಲಿಹಾ" ಎಂದರೆ ಕಾರಣ ಬರೆಯಿರಿ. "ಫರಕ ಸ್ಪಷ್ಟ ಕರಾ" ಎಂದರೆ ವ್ಯತ್ಯಾಸ ತಿಳಿಸಿರಿ. ಫರಕು ನಮ್ಮ ಮನೆಯ ಮಾತೇ. ಶಬ್ದಕ್ಕಿಂತ ಕೆಲಸ ಮುಖ್ಯ. ಫರಕು ಕೇಳಿದಾಗ ಎರಡನ್ನೂ ಎದುರುಬದುರು ಇಡಬೇಕು, ಒಂದರ ಬಗ್ಗೆ ಎರಡು ಪುಟ ಬರೆದರೆ ಗುಣ ಬೀಳುವುದಿಲ್ಲ. ಈ ತಿಳಿವಳಿಕೆ ಕನ್ನಡದಲ್ಲಿ ಒಮ್ಮೆ ಬಂದರೆ ಮರಾಠಿಗೂ ಇಂಗ್ಲಿಷಿಗೂ ಜೊತೆಗೇ ಹೋಗುತ್ತದೆ. ಆ ಭಾಷೆಗಳ ಶಬ್ದಗಳನ್ನು ಬೇರೆಯಾಗಿ ಕಲಿಯಬೇಕು, ಅದನ್ನು ನಾನು ಮುಚ್ಚಿಡುವುದಿಲ್ಲ.

ಸಂವಿಧಾನದ 350-ಎ ವಿಧಿ 1956ರಲ್ಲಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಅದು ಹೇಳುತ್ತದೆ. ಪುಣೆಯ ಬಾಲಭಾರತಿ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕ ತರುತ್ತದೆ, ಕನ್ನಡವೂ ಅದರಲ್ಲಿದೆ. 29ನೆಯ ವಿಧಿ ನಮ್ಮ ಭಾಷೆಯ ಜೊತೆಗೆ ಲಿಪಿಯನ್ನೂ ಉಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಹಕ್ಕನ್ನು ಕೇಳುವುದು ಕಾಗದದ ಮೇಲೆ. ಶಿಕ್ಷಕರ ಜಾಗ ಖಾಲಿಯಿದೆ ಎಂಬ ಮನವಿಯಲ್ಲಿ ಯಾವ ಶಾಲೆ, ಯಾವ ಇಯತ್ತೆ, ಎಂದಿನಿಂದ, ಬೇಡಿಕೆ ಏನು ಎಂಬುದು ಮೊದಲ ಪುಟದಲ್ಲೇ ಇರಬೇಕು. ಅಭಿಮಾನದ ಮಾತು ತುಂಬಿ ಇಯತ್ತೆಯ ಹೆಸರನ್ನೇ ಬಿಟ್ಟ ಮನವಿಗಳನ್ನು ಕಂಡಿದ್ದೇನೆ. ನಾಳೆ ಇವನ್ನು ಬರೆಯಬೇಕಾದವರು ಈ ಮಕ್ಕಳೇ.

ಓದುಬರಹ ಬಾರದ ತಾಯಂದಿರು ಹಿಂಜರಿಯಬೇಡಿರಿ. ಬರೆದದ್ದನ್ನು ಮಗು ಗಟ್ಟಿಯಾಗಿ ಓದಲಿ; ತಿಳಿಯದ ಕಡೆ "ಇದು ತಿಳೀಲಿಲ್ಲವ್ವ, ಮತ್ತೊಮ್ಮೆ ಹೇಳು" ಎನ್ನಿರಿ. ಬರುವ ಸೋಮವಾರದಿಂದ ನನ್ನ ತರಗತಿಯ ವಹಿಯಲ್ಲಿ ಎಡಪುಟ ಕಚ್ಚಾ ಬರಹಕ್ಕೆ, ಬಲಪುಟ ಚೊಕ್ಕ ಬರಹಕ್ಕೆ. ಎಡಪುಟದ ಗೀಚಾಟಕ್ಕೆ ಯಾರೂ ಬೈಯಬೇಡಿರಿ. ಬಲಪುಟ ಚಂದವಾಗಿದ್ದು ಎಡಪುಟ ಖಾಲಿಯಿದ್ದರೆ ಮಾತ್ರ ವಹಿಯನ್ನು ನನ್ನ ಹತ್ತಿರ ಕಳಿಸಿರಿ.