ತಲಕಾಡಿನ ಮರಳು

ನಮೀಬಿಯದ ಮರಳುಗುಡ್ಡಗಳು ಅಟ್ಲಾಂಟಿಕ್ ಸಾಗರದ ತೆರೆಗಳವರೆಗೂ ಚಾಚಿವೆಯೆಂದು ಓದಿದಾಗಲೆಲ್ಲ ನನಗೆ ತಲಕಾಡು ನೆನಪಾಗುತ್ತದೆ. ಬಾಲ್ಯದಲ್ಲಿ ಬದನವಾಳಿನಿಂದ ಅಜ್ಜಿಯೊಡನೆ ಹೋಗಿದ್ದೆ. ಕಾವೇರಿಯ ದಡದಲ್ಲಿ ಅಲೆಯಲೆಯಾಗಿ ನಿಂತ ಮರಳು, ಅಂಗಾಲು ಸುಡುತ್ತಿತ್ತು. ದೇಗುಲಕ್ಕೆ ಹತ್ತುವುದಲ್ಲ, ಇಳಿಯಬೇಕು!

"ಅಲಮೇಲಮ್ಮನ ಶಾಪ ಕಣಪ್ಪ" ಎಂದರು ಅಜ್ಜಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಒಡವೆಗಾಗಿ ಬೆನ್ನಟ್ಟಿದ ಭಟರಿಗೆ ಸಿಕ್ಕದೆ ಆಕೆ ಮಾಲಂಗಿಯ ಮಡುವಿಗೆ ಹಾರಿದಳೆಂಬ ಕಥೆ.

14ನೆಯ ಶತಮಾನದ ಮಾಧವಮಂತ್ರಿ ಅಣೆಕಟ್ಟಿನಿಂದ ಹೊಳೆಯ ಹರಿವು ತಗ್ಗಿ, ಬಯಲಾದ ಮರಳನ್ನು ನೈಋತ್ಯದ ಗಾಳಿ ಊರಿನ ಮೇಲೆ ಸುರಿಯಿತೆಂದು ಕೆಲವು ಸಂಶೋಧಕರ ವಾದ. ನನಗೆ ಅದೇ ಒಪ್ಪಿಗೆ. ಗದ್ದೆಗಳಿಗೆ ನೀರುಣಿಸಿದ ಕಟ್ಟೆಯ ಕರ್ಮವನ್ನು ನೊಂದ ಹೆಣ್ಣಿನ ತಲೆಗೆ ಕಟ್ಟಿದೆವಲ್ಲ ಎಂದು ನಾಚಿಕೆಯೂ ಆಗುತ್ತದೆ.

ಮೊನ್ನೆ ಮತ್ತೆ ಹೋಗಿ ಪಾತಾಳೇಶ್ವರನನ್ನು ಕಂಡು ಬಂದೆ. ರಾತ್ರಿ ಪಂಚೆ ಕೊಡವಿದಾಗ ನೆಲದ ಮೇಲೆ ಮರಳು ಉದುರಿತು.