ಹಳೇ ಮನೆ ಕೆಡವೋ ಮುಂಚೆ

ಓಎಂಆರ್‌ನಲ್ಲಿ ಕೆಲಸ ಮಾಡೋ ನಮಗೆ ಮುಟ್ಟುಕಾಡು ದೂರವೇನಲ್ಲ. ಅಲ್ಲಿ 1996ರಲ್ಲಿ ಶುರುವಾದ ದಕ್ಷಿಣಚಿತ್ರ ಇದೆ. ದಕ್ಷಿಣ ಭಾರತದ ಹಲವು ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಕಟ್ಟಿದ್ದಾರೆ. ಕರ್ನಾಟಕದ ಭಾಗದಲ್ಲಿ ಇಳಕಲ್ ನೇಕಾರರ ಮನೆ ಇದೆ, ಹೋಗಿ ನೋಡಿ.

ನಮ್ಮೂರು ಅದೇ ಇಳಕಲ್ ಹತ್ತಿರ, ನಮ್ಮದು ಒಕ್ಕಲುತನದ ಮನೆ. ಅದನ್ನು ಕೆಡವಬೇಕೋ ಬೇಡವೋ ಅಂತ ಈ ದೀಪಾವಳಿಗೆ ತೀರ್ಮಾನ ಆಗಬೇಕು. ಹಾಗಾಗಿ ಇವತ್ತು ಆ ಮನೆಯ ಒಂದೊಂದು ಭಾಗ ಏನು ಕೆಲಸ ಮಾಡುತ್ತೆ ಅಂತ ನೋಡೋಣ.

ಮೊದಲು ಗೋಡೆ. ಕಲ್ಲು, ಮಣ್ಣಿನದು, ಎರಡು ಅಡಿಗಿಂತ ದಪ್ಪ. ಹಗಲಿನ ಬಿಸಿ ಒಳಗೆ ಬರೋಷ್ಟರಲ್ಲಿ ಸಂಜೆ ಆಗಿರುತ್ತೆ. ನಮ್ಮ ಕಡೆಯ ಒಣ ಹವೆಗೆ ಇದು ಸರಿ. ರಾತ್ರಿಯೂ ಬೆವರೋ ಚೆನ್ನೈಗೆ ಗಾಳಿ ಓಡಾಡಬೇಕು. ಅದಕ್ಕೇ ಇಲ್ಲಿನ ಹಳೇ ಮನೆಗಳಲ್ಲಿ ಹೊರಗೆ ತಿಣ್ಣೈ, ಒಳಗೆ ತೆರೆದ ಅಂಗಳ.

ಮೇಲೆ ಮಾಳಿಗೆ: ತೊಲೆ, ಜಂತಿ, ಹಲಗೆ, ಅದರ ಮೇಲೆ ದಪ್ಪ ಮಣ್ಣು. ನಡುವೆ ಬೆಳಕಿಂಡಿ. ಬೆಳಕು ಒಳಗೆ ಬರುತ್ತೆ, ಒಲೆಯ ಹೊಗೆ ಹೊರಗೆ ಹೋಗುತ್ತೆ. ಮಳೆ ಬಂದರೆ ಮುಚ್ಚೋದು.

ಬಾಗಿಲು ದಾಟಿದ ಕೂಡಲೇ ದನ ಕಟ್ಟೋ ಜಾಗ. ಮೆಟ್ಟಿಲು ಹತ್ತಿದರೆ ಪಡಸಾಲೆ. ಎತ್ತು ಕಣ್ಣೆದುರೇ ಇರುತ್ತೆ, ಗಂಜಳ ಮಾತ್ರ ನಮ್ಮ ಕಡೆ ಹರಿಯಲ್ಲ.

ನೆಲದಡಿ ಹಗೇವು. ಜೋಳ ತುಂಬಿ ಬಾಯಿ ಭದ್ರ ಮಾಡಿದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳ ಸಾಯುತ್ತೆ. ಅದಕ್ಕೇ ತೆಗೆದ ತಕ್ಷಣ ಯಾರೂ ಒಳಗೆ ಇಳಿಯಬಾರದು, ಉಸಿರುಗಟ್ಟಿ ಜೀವ ಹೋಗುತ್ತೆ.

ಇಷ್ಟೆಲ್ಲ ಇದ್ದರೂ ಇದಕ್ಕೆ ಮೇಂಟೆನೆನ್ಸ್ ಇದೆ. ಪ್ರತಿವರ್ಷ ಮಳೆಗಾಲದ ಮುಂಚೆ ಮಾಳಿಗೆ ಹತ್ತಿ ಹುಲ್ಲು ಕೀಳಬೇಕು, ಮಣ್ಣು ಹಾಕಬೇಕು. ಈಗ ಮನೆಯಲ್ಲಿರೋದು ಅಪ್ಪ, ಅವ್ವ ಇಬ್ಬರೇ. ಅವ್ವ ಕೇಳ್ತಾಳೆ: “ಸೋರೋ ಮಾಳಿಗಿ ಕೆಳಗ ನೀ ಬಂದು ಮಲಗತೀಯೇನು?” ಅವಳ ಮಾತು ನ್ಯಾಯ. ಹಳೇದು ಚೆಂದ ಅಂತ ಇಲ್ಲಿ ಏಸಿಯಲ್ಲಿ ಕೂತು ಹೇಳೋದು ಸುಲಭ.

ಆದರೆ ತೆಳು ಗೋಡೆಯ ಆರ್‌ಸಿಸಿ ಮನೆ ಮೇ ತಿಂಗಳಲ್ಲಿ ಒಲೆ ಆಗುತ್ತೆ. ಹಾಗಾಗಿ ನಾನು ಮನೆಯಲ್ಲಿ ಹೇಳಿರೋದು ಇಷ್ಟು: ಗೋಡೆ, ಪಡಸಾಲೆ ಉಳಿಸೋಣ, ಚಾವಣಿ ಹಗುರವಾದದ್ದು ಹಾಕೋಣ, ಬೆಳಕಿಂಡಿ ಇದ್ದಲ್ಲೇ ಬಿಸಿಗಾಳಿ ಹೋಗೋಕೆ ದಾರಿ ಬಿಡೋಣ. ಮಣ್ಣಿನ ಗೋಡೆ ಎಷ್ಟು ಭಾರ ತಡೆಯುತ್ತೆ ಅಂತ ಮಾತ್ರ ಸಿವಿಲ್ ಎಂಜಿನಿಯರೇ ಹೇಳಬೇಕು.

ನಿಮ್ಮೂರಲ್ಲೂ ಇದೇ ಮಾತು ನಡೀತಿರಬಹುದು. ಹಳೇ ಕೋಡ್ ಡಿಲೀಟ್ ಮಾಡೋ ಮುಂಚೆ ಅದು ಏನು ಮಾಡ್ತಿತ್ತು ಅಂತ ನೋಡ್ತೀವಲ್ಲ, ಮನೆಗೂ ಅಷ್ಟೇ. ಮುಂದಿನ ಸಲ ಊರಿಗೆ ಹೋದಾಗ ಟೇಪು ಹಿಡಿದು ಅಳತೆ ತಗೊಳ್ಳಿ, ಫೋಟೊ ತೆಗೀರಿ, ಒಂದೊಂದು ಭಾಗಕ್ಕೆ ಮನೆಯ ಹಿರಿಯರು ಏನಂತಾರೆ ಕೇಳಿ ಬರ್ಕೊಳ್ಳಿ. ಕೆಡವೋ ತೀರ್ಮಾನ ಆಮೇಲೆ ಮಾಡಿ.